ತಿರುವಿನಲ್ಲಿ ಕುಳಿತ ಮುಕುನಾ ಬಳ್ಳಿಯವರಲ್ಲಿ ಒಂದು ಕಿರು ಅಹವಾಲು

ಮಾನ್ಯ ಮುಕುನಾ ಬಳ್ಳಿಯವರ ಸನ್ನಿಧಾನಕ್ಕೆ,

ಕಡಬ ತಾಲೂಕಿನ ನಮ್ಮ ಸಣ್ಣ ರೈಲು ನಿಲ್ದಾಣದ ಆಸುಪಾಸಿನವರು ಕೈಮುಗಿದು ಬರೆಯುವ ಪತ್ರವಿದು. ತಾವು ಎಲೆ, ಬೇರು, ಕುಡಿಗಳ ಸಮೇತ ಕುಶಲವಾಗಿರುವುದು ಕಣ್ಣಿಗೇ ಕಾಣುವುದರಿಂದ ಕ್ಷೇಮ ವಿಚಾರಿಸುವುದಿಲ್ಲ.

ನೆಲ್ಯಾಡಿ ಕಡೆಯ ರಬ್ಬರ್ ತೋಟಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ, ಕಳೆ ಏಳದಂತೆ ನೆಲ ಮುಚ್ಚಿಕೊಂಡಿರಲಿ ಎಂದು ತಮ್ಮನ್ನು ಕರೆತಂದದ್ದು ಎಲ್ಲರಿಗೂ ತಿಳಿದ ವಿಷಯ. ಕೊಟ್ಟ ಕೆಲಸ ಮುಗಿಸಿದ ತಾವು ಬೇಲಿ ಹಾರಿ, ಗುಡ್ಡ ಇಳಿದು, ಟಿಕೆಟಿಲ್ಲದೆ ರೈಲ್ವೆ ಜಾಗ ಪ್ರವೇಶಿಸಿ, ಮೊದಲೇ ಅಲ್ಲಿದ್ದ ಕಮ್ಯೂನಿಸ್ಟ್ ಗಿಡವೆಂಬ ಕಳೆಯನ್ನೂ ಲಂಟಾನವನ್ನೂ ಪಕ್ಷಭೇದವಿಲ್ಲದೆ ತಮ್ಮಡಿಯಲ್ಲಿ ಹಾಕಿಕೊಂಡು, ಮೂರೇ ವರ್ಷದಲ್ಲಿ ಪ್ಲಾಟ್‌ಫಾರ್ಮಿನಾಚೆಯ ಹಳಿಯ ತಿರುವನ್ನು ಪೂರ್ತಿ ಮುಚ್ಚಿದಿರಿ. ಇಷ್ಟು ಚುರುಕಾದ ಕಾಮಗಾರಿಯನ್ನು ನಾವು ಯಾವ ಇಲಾಖೆಯಲ್ಲೂ ಕಂಡವರಲ್ಲ. ದನ ಕೂಡ ತಮ್ಮನ್ನು ಮೂಸಿ, ಗೌರವದಿಂದ ಮುಂದೆ ಹೋಗುತ್ತದೆ.

ನಮ್ಮ ಅಹವಾಲು ಚಿಕ್ಕದು. ಚನಿಯಪ್ಪ ಗೌಡರು ದಿನಾ ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಆ ತಿರುವಿನ ಕಾಲುದಾರಿಯಲ್ಲಿ ಹಳಿ ದಾಟಿ ಸೊಸೈಟಿಗೆ ಹೋಗುತ್ತಾರೆ. ಎಪ್ಪತ್ತೆರಡರ ಅವರಿಗೆ ಕಿವಿ ಕೇಳುವುದಿಲ್ಲ. ರೈಲು ಎಷ್ಟೇ ಸೀಟಿ ಹಾಕಲಿ, ಕಣ್ಣಿಗೆ ಬಿದ್ದರೆ ಮಾತ್ರ ಬಂತೆಂದು ಲೆಕ್ಕ. ಕಳೆದ ತಿಂಗಳು ಇಂಜಿನ್ನು ತಮ್ಮ ಎಲೆಗಳ ನಡುವಿನಿಂದ ಹೊರಬಂದಾಗ ಅವರು ಹಳಿಯ ಮೇಲಿದ್ದರು. ಅಂದು ಜೊತೆಗೆ ಬಂದಿದ್ದ ಸೊಸೆ ಸೇವಂತಿ ಹಿಂದಿನಿಂದ ಅಂಗಿ ಹಿಡಿದು ಎಳೆದಳು, ಕ್ಯಾನ್ ಉಳಿಯಲಿಲ್ಲ. ಅಂದಿನಿಂದ ಅವಳು ಮನೆಗೆಲಸ ಬಿಟ್ಟು ದಿನಾ ಅಲ್ಲಿ ಕಾವಲು ನಿಲ್ಲುತ್ತಾಳೆ. "ನಾನೊಂದು ದಿನ ಜ್ವರ ಬಂದು ಮಲಗಿದ್ರೆ ಮಾವನ ಗತಿ ಎಂತ?" ಎಂಬುದು ಅವಳ ಪ್ರಶ್ನೆ.

ಕಡಿಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಎರಡು ವರ್ಷದ ಹಿಂದೆ ತಮ್ಮೊಳಗೆ ನಾಗರಹಾವೊಂದು ಹೋದದ್ದನ್ನು ಕಂಡ ನಮ್ಮೂರ ವಾಸಂತಿಯಕ್ಕ, ಎಲೆಗಳ ನಡುವೆ ಕಲ್ಲಿನ ತುದಿಯೂ ಕಂಡದ್ದರಿಂದ, ನಾಗನ ಕಲ್ಲೆಂದು ತಿಳಿದು ಅಲ್ಲೊಂದು ದೀಪ ಇಟ್ಟರು. ಯಾರೋ ಕೆಂಪು ಬಟ್ಟೆ ಕಟ್ಟಿದರು. ಅಲ್ಲಿಗೆ ತಾವು ಕಳೆಯಾಗಿ ಉಳಿಯದೆ ನಾಗಬನವಾದಿರಿ. ಬನಕ್ಕೆ ನಮ್ಮಲ್ಲಿ ಕತ್ತಿ ಹಾಕುವ ಕ್ರಮವಿಲ್ಲ. ಹಳಿಯ ಬದಿ ಕಳೆ ಕೊಚ್ಚಲು ಬಂದ ಮೇಸ್ತ್ರಿ ಕುಂಞಿ ಮೋನು ದೀಪ ಕಂಡು ಮೆಷಿನ್ ಬಂದ್ ಮಾಡಿದರು: "ದೀಪ ಇಟ್ಟ ಜಾಗಕ್ಕೆ ಮೆಷಿನ್ ಹಾಕುದು ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ."

ಕೊನೆಗೆ ನಾಗಪೂಜೆ ಮಾಡುವ ಕೃಷ್ಣಮೋಹನ ಭಟ್ಟರನ್ನೇ ಕರೆಸಿದೆವು. ಅವರು ಎಲೆ ಸರಿಸಿ, ಕಲ್ಲು ಉಜ್ಜಿ, ಬಿಳಿ ಬಣ್ಣದ ಮೇಲಿನ ಅಂಕಿ ಓದಿ, "ಇದು ನಾಗನ ಕಲ್ಲಲ್ಲ, ರೈಲ್ವೆಯ ಕಿಲೋಮೀಟರ್ ಕಲ್ಲು. ಧೈರ್ಯದಲ್ಲಿ ಕಡೀರಿ" ಎಂದರು. ಎಲ್ಲರೂ ಒಪ್ಪಿದೆವು, ಬನವೆಂದು ಕಳಚಿಟ್ಟಿದ್ದ ಚಪ್ಪಲಿ ಹಾಕಿಕೊಂಡೆವು. ಆದರೆ ಮೊದಲ ಕತ್ತಿ ಯಾರದು ಎಂದಾಗ ನಮ್ಮೊಳಗಿನ ಲತೀಶ್, "ಭಟ್ರು ಹೇಳಿದ್ದು ಸರಿಯೇ. ಆದ್ರೆ ಹಾವು ಹೋದದ್ದು ಸುಳ್ಳಲ್ಲ ಅಲ್ವಾ?" ಎಂದದ್ದೇ ತಡ, ಸಭೆ ಮುಗಿಯಿತು.

ಆದ್ದರಿಂದ ತಮ್ಮನ್ನೇ ಬೇಡುತ್ತಿದ್ದೇವೆ. ದಿನಾ ಬೆಳಿಗ್ಗೆ ಆರೂಮುಕ್ಕಾಲರಿಂದ ಏಳರವರೆಗೆ, ಐದಡಿ ಎತ್ತರದಲ್ಲಿ, ಒಂದು ಕಿಟಕಿಯಷ್ಟು ಜಾಗದ ಎಲೆಗಳನ್ನು ತಾವಾಗಿಯೇ ಮಡಚಿಕೊಳ್ಳಬೇಕು. ಅದು ಕಷ್ಟವಾದರೆ, ರೈಲು ಬರುವಾಗ ತಮ್ಮ ಒಂದು ಕುಡಿ ಗೌಡರ ಅಂಗಿಯ ಚುಂಗು ಹಿಡಿದು ನಿಲ್ಲಿಸಿದರೂ ಸಾಕು. ಸೇವಂತಿ ಒಲೆಯ ಮುಂದೆ ನೆಮ್ಮದಿಯಿಂದ ನಿಲ್ಲುತ್ತಾಳೆ.

ತಮ್ಮ ಬೆಳವಣಿಗೆಯಲ್ಲಿ ಸಂಪೂರ್ಣ ನಂಬಿಕೆಯಿರುವ,
ತಮ್ಮ ವಿಶ್ವಾಸಿ,
ಯಜ್ಞೇಶ್ವರ
(ಕಾಲುದಾರಿಯಲ್ಲಿ ನಡೆಯುವವರೆಲ್ಲರ ಪರವಾಗಿ)

ವಿ.ಸೂ.: ಪತ್ರ ಪತ್ರಿಕೆಗೆ ಕಳುಹಿಸುವ ಮೊದಲೇ, ಇವತ್ತು ಬೆಳಿಗ್ಗೆ, ಚನಿಯಪ್ಪ ಗೌಡರು ಕ್ಯಾನ್ ಕೆಳಗಿಟ್ಟು ಕತ್ತಿ ತೆಗೆದು ತಮ್ಮನ್ನು ಬುಡದಿಂದಲೇ ಕಡಿಯತೊಡಗಿದರು. ನಾವು ಏಳೆಂಟು ಮಂದಿ ಸುರಕ್ಷಿತ ದೂರದಲ್ಲಿ ನಿಂತು "ಬೇಡ, ಬೇಡ" ಎಂದು ಕೂಗಿದ್ದು ಅವರಿಗೆ ಕೇಳಲಿಲ್ಲ. ಈಗ ರೈಲು ದೂರದಿಂದಲೇ ಕಾಣುತ್ತದೆ. ಕೂಗಿದವರೆಲ್ಲ ಅಲ್ಲೇ ದಾಟುತ್ತಿದ್ದೇವೆ. ತಾವು ಮತ್ತೆ ಚಿಗುರುವುದು ಖಂಡಿತ. ಗೌಡರು ಕತ್ತಿ ಮಸೆದಿಟ್ಟಿದ್ದಾರೆ. ನಮಗೂ ಕೂಗಿ ಅಭ್ಯಾಸವಾಗಿದೆ.