ಮಗನ ಸಿಗರೇಟು, ನನ್ನ ಮಿಸ್ರಿ

ಬೇರೆಯವರ ಚಟ ಬಿಡಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಕೂತಲ್ಲಿಂದ ಬೈದರೆ ಮುಗಿಯಿತು. ನನ್ನ ಮಗ ಶಿವಾನಂದ ಹೈಸ್ಕೂಲು ಮಾಸ್ತರ. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿ ಬಂದು ಹಿತ್ತಲ ನೀರಿನ ಟಾಕಿಯ ಹಿಂದೆ ಸಿಗರೇಟು ಸೇದುತ್ತಿದ್ದ. ಮೂರು ಸಲ ಬಿಟ್ಟಿದ್ದ. ಅದರಲ್ಲಿ ಒಂದು ಸಲ ಮಧ್ಯಾಹ್ನದವರೆಗೂ ತಡೆದಿದ್ದ. ಅವನಪ್ಪ ಹಾಗಲ್ಲ. ಮೊಮ್ಮಗಳು ಹುಟ್ಟಿದ ದಿನ ಬೀಡಿ ಕಟ್ಟನ್ನು ಒಲೆಗೆ ಹಾಕಿದವರು ಮತ್ತೆ ಅದರ ಹೆಸರೆತ್ತಲಿಲ್ಲ. ಅದನ್ನೇ ಮಗನ ತಲೆಗೆ ಬಡಿಯುತ್ತಿದ್ದೆ: "ನಿಮ್ಮಪ್ಪ ಒಂದ ದಿನದಾಗ ಬಿಟ್ರು. ನಿನಗೇನ್ ಬ್ಯಾನಿ? ಬೆನ್ನಾಗ ಎಲುಬಿಲ್ಲೇನಲೇ?"

ಈ ಚಳಿಗಾಲದಲ್ಲಿ ಅವನ ಕೆಮ್ಮು ನಿಲ್ಲಲಿಲ್ಲ. ಉಗುಳಿನಲ್ಲಿ ರಕ್ತದ ಎಳೆ ಕಂಡಿತು. ಬಬಲೇಶ್ವರದಲ್ಲಿ ನನ್ನ ಅಪ್ಪ ಹೀಗೆಯೇ ಕೆಮ್ಮಿ ಕೆಮ್ಮಿ ಹೋದದ್ದು. ಬೈಯುವುದನ್ನೇ ಬಿಟ್ಟೆ. ಟಿಕೋಟಾದಿಂದ ಬಸ್ಸು ಹತ್ತಿ ವಿಜಯಪುರದ ದವಾಖಾನೆಗೆ ಹೋದೆವು. ಏನೇನೋ ಫೋಟೊ ತೆಗೆದರು. ಕೊನೆಗೆ ಡಾಕ್ಟರ್ ಹುಡುಗಿ, "ಹೆದರೂವಂಥಾದ್ದು ಏನೂ ಇಲ್ರಿ. ಆದ್ರ ಸೇದೂದು ಬಿಡಬೇಕು" ಎಂದಳು.

ಜೀವ ಮರಳಿ ಬಂತು. ಅದರ ಹಿಂದೆಯೇ ನಾಲಿಗೆಯೂ ಬಂತು. "ಇವ ಬಿಡಂಗಿಲ್ರಿ. ಮನಸ್ಸು ಗಟ್ಟಿಲ್ಲ."

"ಬರೇ ಮನಸ್ಸಿನ ಮಾತಲ್ರಿ ಅಮ್ಮಾ. ತಂಬಾಕಿನ್ಯಾಗ ನಿಕೋಟಿನ್ ಅಂತ ಇರತೈತಿ. ಕೆಲವರ ಮೈ ಅದನ್ನ ಲಗೂನ ಕರಗಿಸತೈತಿ, ಕೆಲವರದು ಸಾವಕಾಶ. ಲಗೂ ಕರಗಿದವರಿಗೆ ಮತ್ತ ಲಗೂನ ಬೇಕನಸತೈತಿ. ಅವರಿಗೆ ಬಿಡೂದು ಹೆಚ್ಚು ತ್ರಾಸು. ಈ ಗುಣ ತಾಯಿ-ತಂದಿ ಕಡಿಂದ ಬರತೈತಿ. ಮನ್ಯಾಗ ಮತ್ತ ಯಾರರ ತಂಬಾಕು ತಗೋತೀರೇನು?"

"ಯಾರೂ ಇಲ್ರಿ" ಎಂದೆ. ಸುಳ್ಳಲ್ಲ. ನಾನು ಹಚ್ಚುವುದು ಮಿಸ್ರಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಹಲ್ಲಿಗೆ ತಿಕ್ಕುವುದು. ನಮ್ಮ ಕಡೆಯ ಹೆಂಗಸರಿಗೆ ಅದು ಹಲ್ಲುಪುಡಿ. ದಿನಕ್ಕೆ ಆರು ಸಲ ತಿಕ್ಕುವ ನನ್ನ ಬಾಯಲ್ಲಿ ಈಗ ಉಳಿದಿರುವುದು ಏಳು ಹಲ್ಲು, ಅದು ಬೇರೆ ಮಾತು.

"ಅವ್ವಾ, ಮಿಸ್ರಿ ಡಬ್ಬಿ ತೋರ್ಸು" ಎಂದ ಮಗ. ತೆಗೆದೆ. ಡಾಕ್ಟರ್ ಮೂಸಿ ನೋಡಿ ಸೀನಿದಳು. "ಎದ್ದು ಎಷ್ಟೊತ್ತಿಗೆ ಹಚ್ಚತೀರಿ?"

"ಏಳೂಕಿಂತ ಮೊದಲ್ರಿ."

ಶಿವಾನಂದ ಹೊಟ್ಟೆ ಹಿಡಿದು ನಕ್ಕ. ಕೆಮ್ಮು ಬಂದರೂ ನಿಲ್ಲಿಸಲಿಲ್ಲ. "ಹಂಗಾರ ಇವ ಅಪ್ಪನಂಗಲ್ಲ, ನನ್ನಂಗಾಗ್ಯಾನೇನು?" ಎಂದೆ.

"ಪರೀಕ್ಷಾ ಮಾಡದ ಹೇಳಾಕ ಬರಂಗಿಲ್ರಿ. ಇದ್ದರೂ ಇರಬಹುದು" ಎಂದು ಅವನಿಗೆ ಗುಳಿಗೆ ಬರೆದಳು. ನನ್ನನ್ನು ಬರಿ ದುರುಗುಟ್ಟಿ ನೋಡಿದಳು.

ಬಸ್ಸಿನಲ್ಲಿ ನನಗೆ ಹಗುರವಾಗಿತ್ತು. ಮಗ ಉಳಿದ, ಅವನ ಬೆನ್ನಲ್ಲಿ ಎಲುಬೂ ಇತ್ತು.

ಅವನು ಸೇದದೆ ಎರಡು ತಿಂಗಳಾಯಿತು. ಕೆಮ್ಮಿಲ್ಲ, ಊಟ ಮಾತ್ರ ಇಬ್ಬರದು ಮಾಡುತ್ತಾನೆ. ನನ್ನನ್ನು ಒಂದು ಸಲವೂ ಬೈದಿಲ್ಲ. ಸಂಜೆ ಬಂದು, "ಅವ್ವಾ, ಇವತ್ತ ಎಷ್ಟ ಸಲ ಹಚ್ಚಿದಿ?" ಎಂದು ಮೆತ್ತಗೆ ಕೇಳುತ್ತಾನೆ. "ಎರಡು" ಎನ್ನುತ್ತೇನೆ. ನಾಲ್ಕಾಗಿರುತ್ತದೆ. ಮೆತ್ತಗೆ ಕೇಳುವವರ ಮುಂದೆ ಸುಳ್ಳು ಹೇಳುವುದು ಇಷ್ಟು ಕಷ್ಟವೆಂದು ಮೊದಲೇ ಗೊತ್ತಿದ್ದರೆ, ಇಪ್ಪತ್ತು ವರ್ಷ ನಾನು ಅವನ ಮೇಲೆ ಸುಮ್ಮನೆ ಕೂಗಾಡುತ್ತಿರಲಿಲ್ಲ.