ಕಾಯಿ ವರ್ಗದಲ್ಲಿ ಮಂಜೂರಾದ ಮನೆ

ತಿಪಟೂರಿನ ಅಂಚಿನಲ್ಲಿ ಬಡವರಿಗೆಂದೇ ಕಟ್ಟಿದ ‘ಕಲ್ಪವೃಕ್ಷ ಅಲ್ಪಾದಾಯ ವಸತಿ ಸಮುಚ್ಚಯ’ದಲ್ಲಿ ತೊಂಬತ್ತಾರು ಮನೆಗಳಿದ್ದು, ಮೊದಲ ಪಟ್ಟಿಯಲ್ಲಿಯೇ ತೊಂಬತ್ತನ್ನು ತೆಂಗಿನಕಾಯಿಗಳಿಗೆ ಹಂಚಲಾಯಿತು. ಹಂಚಿಕೆ ಸಂಪೂರ್ಣ ನಿಯಮಬದ್ಧವಾಗಿತ್ತೆಂಬುದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ತಿಳಿಯದವರು ಇದರಲ್ಲಿ ಅಕ್ರಮವನ್ನು ಹುಡುಕಿ ಸುಮ್ಮನೆ ದಣಿಯುತ್ತಾರೆ.

ಸುನಂದಾ ತಿಳಿಯದವರ ಪೈಕಿ. ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಬೆಳಗ್ಗೆ ಆರಕ್ಕೆ ಅಲ್ಲಿರಬೇಕು. ತವರಾದ ನೊಣವಿನಕೆರೆಗೆ ಹೋಗಿ ನೆಲೆಸಿದರೆ ಮೊದಲ ಬಸ್ಸು ಅವಳನ್ನು ತಿಪಟೂರಿನಲ್ಲಿ ಇಳಿಸುವಷ್ಟರಲ್ಲಿ ಏಳು ದಾಟಿರುತ್ತದೆ, ಕೆಲಸವೂ ಹೋಗಿರುತ್ತದೆ. ಆದ್ದರಿಂದ ತನಗೂ ಹದಿನಾಲ್ಕರ ಮಗಳು ಧನ್ಯಶ್ರೀಗೂ ಊರೊಳಗೇ ಒಂದು ಸೂರು ಬೇಕಿತ್ತು. ಇದ್ದ ಒಂದು ಕೋಣೆಯನ್ನು ಅದರ ಮಾಲೀಕ ವೀರಭದ್ರಯ್ಯನವರು ತಿಂಗಳೊಳಗೆ ಖಾಲಿ ಮಾಡಲು ಹೇಳಿದ್ದರು. ಆ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ, ಹನ್ನೊಂದು ತಿಂಗಳು ಒಣಗಲು ಬಿಟ್ಟು ಕೊಬ್ಬರಿ ಮಾಡುತ್ತಾರೆ. ವೀರಭದ್ರಯ್ಯನವರ ಅಟ್ಟ ತುಂಬಿತ್ತು. ಕಾಯಿ ಇನ್ನೂ ಮಿಕ್ಕಿತ್ತು.

“ಬೇಜಾರು ಮಾಡ್ಕೋಬೇಡ ಕಣಮ್ಮ,” ಎಂದರು ಅವರು. “ಕಾಯಿ ನಲ್ಲಿ ತಿರುಗಿಸಲ್ಲ, ಲೈಟು ಹಾಕಲ್ಲ, ನೆಂಟರನ್ನ ಕರ್ಕೊಂಡು ಬರಲ್ಲ. ನೀನು ಮೂರೂ ಮಾಡ್ತೀಯ.”

“ನಾನು ಬಾಡಿಗೆ ಕೊಡ್ತೀನಲ್ಲ ಸ್ವಾಮಿ?”

“ಕೊಡ್ತೀಯ. ಅದುನ್ನ ನಾನು ಯಾವತ್ತಾರ ಇಲ್ಲ ಅಂದಿದ್ದೀನಾ?”

ಸುನಂದಾ ವಸತಿ ಸಮಿತಿಯ ಕಚೇರಿಗೆ ಹೋದಳು. ಕಾರ್ಯದರ್ಶಿ ಸೂರ್ಯಪ್ರಕಾಶ್ ಅತ್ಯಂತ ನಿಷ್ಪಕ್ಷಪಾತಿಗಳು. ಅಲ್ಲಿಯವರೆಗೆ ಯಾವ ಮನುಷ್ಯನಿಗೂ ಮನೆ ಕೊಟ್ಟಿರಲಿಲ್ಲವಾದ್ದರಿಂದ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ತಪ್ಪಿಸಿದ ಕಳಂಕ ಅವರಿಗಿರಲಿಲ್ಲ. ಅವರು ಅರ್ಜಿಯನ್ನು ಎರಡು ಸಲ ಓದಿದರು.

“ಸಂಬಳ ಒಂಬತ್ತು ಸಾವಿರ ಅಂತ ಬರೆದಿದ್ದೀರಿ. ಒಂಬತ್ತು ಸಾವಿರಕ್ಕಿಂತ ಕಡಿಮೆ ಇದ್ದವರು ಮಾತ್ರ ಬಡವರು. ನೀವು ಶ್ರೀಮಂತರಾಗ್ತೀರಿ.”

“ಒಂದು ರೂಪಾಯಿ ಕಡಿಮೆ ಮಾಡಿಸ್ಕೊಂಡು ಬಂದ್ರೆ ಆಯ್ತದಾ ಸಾರ್?”

“ಪ್ರಯತ್ನಿಸಿ. ಬಡತನಕ್ಕೆ ನಾವು ಎಂದೂ ಅಡ್ಡಿ ಮಾಡಿಲ್ಲ.”

ನರ್ಸಿಂಗ್ ಹೋಮಿಗೆ ಆಳು ಒದಗಿಸುವ ಗುತ್ತಿಗೆದಾರನು ಇಂಥ ಕೋರಿಕೆಯನ್ನು ಜೀವಮಾನದಲ್ಲಿ ಕೇಳಿರಲಿಲ್ಲ. ಸಂತೋಷದಿಂದ ಒಂದರ ಬದಲು ಒಂದು ಸಾವಿರ ರೂಪಾಯಿಯನ್ನೇ ಕಡಿಮೆ ಮಾಡಿ ಪ್ರಮಾಣಪತ್ರ ಬರೆದುಕೊಟ್ಟನು. ಮರುವಾರ ಕಾರ್ಯದರ್ಶಿಗಳು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಈಗ ನೀವು ಬಡವರು, ಅಭಿನಂದನೆ. ಆದರೆ ಎಂಟು ಸಾವಿರದಲ್ಲಿ ನೀವು ಬಾಡಿಗೆ ಕಟ್ಟಲಾರಿರಿ ಎಂದು ಸಮಿತಿಗೆ ಅನುಮಾನ. ಅರ್ಜಿ ತಿರಸ್ಕೃತವಾಗಿದೆ.”

“ಹೋದ್ವಾರ ಕಟ್ಟೋಷ್ಟು ಇತ್ತಲ್ಲ ಸಾರ್!”

“ಹೋದ ವಾರ ನೀವು ಶ್ರೀಮಂತರಾಗಿದ್ರಿ.”

ಹೊರಗೆ ಗೋಡೆಯ ಮೇಲೆ ಮನೆ ದೊರೆತವರ ಪಟ್ಟಿಯಿತ್ತು. ಧನ್ಯಶ್ರೀ ಅದನ್ನು ಗಟ್ಟಿಯಾಗಿ ಓದಿದಳು: “ಮೂವತ್ತೆಂಟು, ಕಾಯಿ, ಹದಿನೈದು ಸಾವಿರ. ಮೂವತ್ತೊಂಬತ್ತು, ಕಾಯಿ, ಹನ್ನೆರಡು ಸಾವಿರ... ಅಮ್ಮ, ಇದ್ರಲ್ಲಿ ಜನಾನೇ ಇಲ್ಲ ಕಣೇ!”

ಪಟ್ಟಿಯ ಕೆಳಗೆ ಸಮರ್ಥನೆಯನ್ನೂ ಮುದ್ರಿಸಿದ್ದರು. ಕಾಯಿಗೆ ಸ್ವಂತ ಆದಾಯವಿಲ್ಲ, ಬರುವುದೆಲ್ಲ ಮಾಲೀಕನದು. ಆದ್ದರಿಂದ ಅದಕ್ಕಿಂತ ಬಡವರಿಲ್ಲ. ಬಾಡಿಗೆಯನ್ನು ಮಾಲೀಕನೇ ಕಟ್ಟುವುದರಿಂದ ಬಾಕಿಯ ಭಯವಿಲ್ಲ. ಅದರ ಹೆಸರಿನಲ್ಲಿ ರಾಜ್ಯದ ಯಾವ ಭಾಗದಲ್ಲಿಯೂ ಮನೆಯಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಬಾಡಿಗೆ ಕರಾರು ಹನ್ನೊಂದು ತಿಂಗಳದು; ಕಾಯಿ ಒಣಗುವುದೂ ಹನ್ನೊಂದು ತಿಂಗಳಿಗೇ. ಸಮಿತಿಯ ಸದಸ್ಯರೆಲ್ಲರೂ ತೋಟದ ಮಾಲೀಕರಾಗಿದ್ದುದು ಕೇವಲ ಆಕಸ್ಮಿಕ. ಬಡವರ ವಸತಿಯ ಬಗ್ಗೆ ಕೂತು ಯೋಚಿಸುವಷ್ಟು ಬಿಡುವು ಊರಿನಲ್ಲಿ ಬೇರೆ ಯಾರಿಗಿದೆ?

ಕಚೇರಿಯ ಜವಾನ ಕೆಂಚಯ್ಯ ಬಾಗಿಲಲ್ಲಿ ನಿಂತು ತಾಯಿ ಮಗಳ ಮುಖವನ್ನು ನೋಡುತ್ತಿದ್ದನು.

“ಮನುಷ್ರು ಅಂತ ಅರ್ಜಿ ಹಾಕುದ್ರೆ ಯಾರಿಗವ್ವ ಮನೆ ಸಿಕ್ತದೆ? ಇನ್ನೂ ಆರು ಮನೆ ಅವೆ. ಕಾಯಿ ಅಂತ ಹಾಕು.”

“ತಮಾಸೆ ಮಾಡ್ಬೇಡ ಕಣಣ್ಣ.”

“ಈ ಆಫೀಸಲ್ಲಿ ತಮಾಸೆ ಮಾಡೋಕೆ ಪರ್ಮಿಷನ್ ಇಲ್ಲ ಕಣವ್ವ. ತಗೋ, ಏಳನೇ ನಮೂನೆ.”

ಏಳನೇ ನಮೂನೆಯನ್ನು ಧನ್ಯಶ್ರೀ ಹಲ್ಲು ಕಚ್ಚಿಕೊಂಡು ತುಂಬಿದಳು. ಸಂಖ್ಯೆ: ಎರಡು. ಒಟ್ಟು ತೂಕ: ತೊಂಬತ್ತೊಂದು ಕಿಲೋ. ಸಿಪ್ಪೆ ಸುಲಿದಿದೆಯೇ: ಈ ಕಲಮಿಗೆ ಏನು ಬರೆಯುವುದೆಂದು ತಿಳಿಯದೆ ‘ಬಹುಪಾಲು’ ಎಂದು ಬರೆದಳು. ತೋಟದ ಮಾಲೀಕರ ಸಹಿ ಬೇಕಿತ್ತು. ವೀರಭದ್ರಯ್ಯನವರು ಉದಾರಿಗಳು, ಎರಡೂ ತಮ್ಮ ತೋಟದವೇ ಎಂದು ಸಹಿ ಹಾಕಿಕೊಟ್ಟರು. ಬಾಡಿಗೆಯನ್ನು ಸುನಂದಾ ಅವರ ಕೈಗೆ ಕೊಡಬೇಕು, ಅವರು ಸಮಿತಿಗೆ ಕಟ್ಟುತ್ತಾರೆ. ಪ್ರತಿ ಭಾನುವಾರ ಅವರ ಮನೆಯ ಕಸಮುಸುರೆ ಮಾಡಬೇಕು. ಕೂಲಿಯ ಮಾತು ಬಂದಾಗ ಅವರು ನೊಂದುಕೊಂಡರು. “ನಮ್ಮ ತೋಟದ ಕಾಯಿಗೆ ನಾನೇ ಕೂಲಿ ಕೊಡೋದಾ? ಏನಂತ ಮಾತಾಡ್ತೀಯಮ್ಮ!”

ಮನೆ ಮೂರನೆಯ ಮಹಡಿಯಲ್ಲಿ ಮಂಜೂರಾಯಿತು. ಒಂದು ಕೋಣೆ, ಒಂದು ಅಡುಗೆಮನೆ, ಪೂರ್ವಕ್ಕೊಂದು ಕಿಟಕಿ. ಸುನಂದಾ ಮೊದಲ ದಿನ ನೆಲವನ್ನು ಮೂರು ಸಲ ಒರೆಸಿದಳು. ಆಮೇಲೆ ಬರಿ ನೆಲದ ಮೇಲೆ ಅಂಗಾತ ಮಲಗಿ ಸೂರನ್ನೇ ನೋಡಿದಳು. ಅಲ್ಲಿಂದ ನರ್ಸಿಂಗ್ ಹೋಮಿಗೆ ಹತ್ತು ನಿಮಿಷದ ನಡಿಗೆ. ನಿಯಮಗಳೇನೂ ಭಾರವಾಗಿರಲಿಲ್ಲ: ಪಕ್ಕದ ಮನೆಯ ಕಾಯಿಗಳಿಗೆ ಬೂಸಲು ಹಿಡಿಯಬಾರದೆಂದು ನಲ್ಲಿಯಲ್ಲಿ ನೀರು ಬಿಡುವುದಿಲ್ಲ, ಕಿಟಕಿ ತೆರೆಯಬಾರದು, ಮೆಟ್ಟಿಲಲ್ಲಿ ನಿವಾಸಿಗಳು ಸದ್ದು ಮಾಡಬಾರದು. ನೀರನ್ನು ಬೀದಿಯ ನಲ್ಲಿಯಿಂದ ಕೊಡದಲ್ಲಿ ಹೊತ್ತರು. ಕೆಂಚಯ್ಯ ಬಾಯಿ ಬಿಟ್ಟನೋ ಏನೋ, ಉಳಿದ ಐದು ಮನೆಗಳಿಗೂ ಎರಡು ಕಾಲಿನ ಕಾಯಿಗಳೇ ಬಂದವು. ಎದುರು ಮನೆಯ ಗಂಗರಾಜು, ಹೆಂಡತಿ, ಮೂರು ಮಕ್ಕಳು ಒಟ್ಟು ಎರಡು ಕ್ವಿಂಟಾಲ್ ಎಂದು ದಾಖಲಾಗಿದ್ದರು.

ಹನ್ನೊಂದನೆಯ ತಿಂಗಳಲ್ಲಿ ತಪಾಸಣೆಯ ಪ್ರಕಟಣೆ ಬಾಗಿಲಿಗೆ ಅಂಟಿತು:

‘ಕಾಯಿಗಳನ್ನು ಕಿವಿಯ ಬಳಿ ಅಲುಗಿಸಿ ಪರೀಕ್ಷಿಸಲಾಗುವುದು. ಒಳಗೆ ನೀರಿನ ಸದ್ದಿದ್ದಲ್ಲಿ ಇನ್ನೂ ಹಸಿಯೆಂದು ತಿಳಿದು ಅವಧಿಯನ್ನು ವಿಸ್ತರಿಸಲಾಗುವುದು. ನೀರಿನ ಸದ್ದಿಲ್ಲದಿದ್ದಲ್ಲಿ ಒಣಗಿತೆಂದು ತೆರವುಗೊಳಿಸಲಾಗುವುದು. ಒಡಕು ಬಿಟ್ಟ ಕಾಯಿಯನ್ನು ಅದರ ಜೊತೆಗಿರುವವುಗಳ ಸಮೇತ ಆ ಕ್ಷಣವೇ ಹೊರಹಾಕಲಾಗುವುದು. ಮಹಿಳಾ ಕಾಯಿಗಳನ್ನು ಅಲುಗಿಸುವುದು ಸಭ್ಯತೆಯಲ್ಲವಾದ್ದರಿಂದ ಮನುಷ್ಯಾಕೃತಿಯವೆಲ್ಲವೂ ತಾವಾಗಿಯೇ ಮೂರು ಬಾರಿ ಕುಪ್ಪಳಿಸತಕ್ಕದ್ದು.’

“ತಲಾ ಎರಡೆರಡು ಚೊಂಬು ನೀರು ಕುಡ್ಕೊಂಡು ನಿಂತ್ಕಳಿ,” ಎಂದು ಕೆಂಚಯ್ಯ ಗುಟ್ಟಾಗಿ ಹೇಳಿಹೋದನು.

ಸುನಂದಾ ಮೂರು ಚೊಂಬು ಕುಡಿದಳು. ಸೂರ್ಯಪ್ರಕಾಶರು ದಫ್ತರದೊಡನೆಯೂ, ವೀರಭದ್ರಯ್ಯನವರು ಮಾಲೀಕರಾಗಿಯೂ ಬಂದು ನಿಂತರು. ಸುನಂದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೂರು ಬಾರಿ ಕುಪ್ಪಳಿಸಿದಳು. ಕಾರ್ಯದರ್ಶಿಗಳು ಕಣ್ಣು ಮುಚ್ಚಿ ಆಲಿಸಿ, ಸರಿಯೆಂಬಂತೆ ತಲೆಯಾಡಿಸಿದರು.

ಧನ್ಯಶ್ರೀ ಕುಪ್ಪಳಿಸಲಿಲ್ಲ.

“ಸಾರ್, ನಾವು ಕಾಯಲ್ಲ, ಮನುಷ್ರು. ನಿಮಗೂ ಗೊತ್ತು, ಇವರಿಗೂ ಗೊತ್ತು. ಮನುಷ್ರು ಅಂತಾನೇ ಬರ್ಕೊಂಡು ಮನೆ ಕೊಡಿ.”

ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ತೆಗೆದರು. ಅವರ ಮುಖದಲ್ಲಿ ಕೋಪವಿರಲಿಲ್ಲ; ಕೆಟ್ಟ ಸರಕನ್ನು ಕಂಡವರ ವ್ಯಥೆಯಿತ್ತು.

“ಇದು ಮಾತಾಡ್ತಿದೆ. ಒಡಕು ಬಿಡದೆ ಕಾಯಿಯಿಂದ ಮಾತು ಹೊರಗೆ ಬರುವುದಿಲ್ಲ.”

“ನಮ್ಮ ತೋಟದ ಕಾಯಿ ಒಡಕು ಬಿಡೋ ಜಾತಿದಲ್ಲ ಕಣ್ರೀ!” ಎಂದು ವೀರಭದ್ರಯ್ಯನವರು ಅವಮಾನದಿಂದ ಕೆಂಪಾದರು.

“ಒಡಕು ಎಂದು ಬರೆದುಕೊಳ್ಳಬೇಕಾಗುತ್ತದೆ,” ಎಂದ ಕಾರ್ಯದರ್ಶಿಗಳು ಸುನಂದಾಳ ಕಡೆ ತಿರುಗಿದರು. “ಇಬ್ಬರೂ ಇಂದೇ ಇಳಿಯಿರಿ.”

ಸುನಂದಾ ಮಗಳನ್ನು ನೋಡಿದಳು. ಒರೆಸಿದ ನೆಲವನ್ನು ನೋಡಿದಳು. ಆಮೇಲೆ ಮಗಳ ಮುಂದೆ ಬಂದು ಅಡ್ಡ ನಿಂತು ಕೈಮುಗಿದಳು.

“ಅದು ಮಾತಲ್ಲ ಸಾರ್. ಒಳಗೆ ನೀರು ಅಲುಗಿದ ಸದ್ದು.”

ಕಾರ್ಯದರ್ಶಿಗಳು ಬಾಗಿಲಿನ ಪ್ರಕಟಣೆಯನ್ನು ಇನ್ನೊಮ್ಮೆ ಓದಿದರು. ವಿವರಣೆ ನಿಯಮಕ್ಕೆ ಹೊಂದುತ್ತಿತ್ತು. ‘ಎರಡನೆಯದು: ಬಹಳ ಹಸಿ. ನೀರಿನ ಸದ್ದು ಸ್ಪಷ್ಟವಾಗಿ ಕೇಳಿಬಂದಿದೆ’ ಎಂದು ಬರೆದು, ಹನ್ನೊಂದು ತಿಂಗಳ ಮೊಹರು ಒತ್ತಿದರು. ಧನ್ಯಶ್ರೀ ತಾಯಿಯ ಬೆನ್ನನ್ನು ನೋಡುತ್ತ ಇನ್ನೊಮ್ಮೆ ಬಾಯಿ ತೆರೆದಳು, ಹಾಗೆಯೇ ಮುಚ್ಚಿದಳು.

ತಪಾಸಣೆಯವರು ಎದುರು ಮನೆಗೆ ತಿರುಗಿದರು. ಅಲ್ಲಿ ಬಾಗಿಲು ಆಗಲೇ ತೆರೆದಿತ್ತು. ಗಂಗರಾಜು, ಹೆಂಡತಿ, ಮೂರು ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತು, ಯಾರೂ ಹೇಳುವ ಮುಂಚೆಯೇ ಕುಪ್ಪಳಿಸುತ್ತಿದ್ದರು.