ನನ್ನ ಗಿಂಡಿ ಸಮೇತ ಪರಾರಿಯಾದ ಬಾಣದವರಿಗೆ

ಕುಂಜತ್ತೂರು,
14 ಡಿಸೆಂಬರ್ 1957

ಗಗನಸಂಚಾರಿಗಳೂ, ಗರ್ನಾಲು ವಂಶದ ಕುಲತಿಲಕರೂ, ಏಳು ಮೊಳ ಉದ್ದದ ದಿವ್ಯದೇಹಿಗಳೂ ಆದ ಶ್ರೀಮಾನ್ ಬಾಣ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವು ಮರದ ಮೇಲಿದ್ದರೂ, ಬಾವಿಯೊಳಗಿದ್ದರೂ, ಕಡಲಿನ ತಳದಲ್ಲಿ ಮೀನುಗಳಿಂದ ಸನ್ಮಾನ ಸ್ವೀಕರಿಸುತ್ತಿದ್ದರೂ ಕ್ಷೇಮವಾಗಿರುವಿರೆಂದು ನಂಬಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಎಂಟನೇ ಕ್ಲಾಸು ಪಾಸಾದವಳು, ಹನ್ನೆರಡು ವರ್ಷಗಳಿಂದ ಈ ಊರಿನ ಅರ್ಧ ಜನರ ಅರ್ಜಿಗಳನ್ನು ಬರೆದುಕೊಟ್ಟವಳು. ತಹಶೀಲ್ದಾರರಿಗೆ ಬರೆದಿದ್ದೇನೆ, ರೈಲ್ವೆಯವರಿಗೆ ಬರೆದಿದ್ದೇನೆ, ನೆರೆಮನೆಯ ಅಕ್ಕುವಿನ ಒತ್ತಾಯಕ್ಕೆ ಕಾಣೆಯಾದ ಅವಳ ಹೋರಿಗೂ ಒಮ್ಮೆ ಬರೆದಿದ್ದೇನೆ. ಆದರೆ ಹೋರಿ ಸುಮಾರಾಗಿ ಯಾವ ದಿಕ್ಕಿಗೆ ಹೋಯಿತೆಂದಾದರೂ ಗೊತ್ತಿತ್ತು. ತಮ್ಮ ವಿಳಾಸ ಯಾರಿಗೂ ತಿಳಿಯದ ಕಾರಣ ಇದನ್ನು ಬಸ್ಸು ನಿಲ್ಲುವಲ್ಲಿರುವ ಹೋಟೆಲಿನ ಗೋಡೆಗೆ ಅಂಟಿಸುತ್ತೇನೆ. ಚಾ ಕುಡಿಯಲು ಬರುವವರಲ್ಲಿ ಯಾರಾದರೊಬ್ಬರು ತಮ್ಮನ್ನು ಕಂಡಾಗ ಓದಿ ಹೇಳುವರೆಂಬ ಭರವಸೆ ನನಗುಂಟು.

ತಮ್ಮ ಜನ್ಮದಾತರಾದ ಶ್ರೀ ಚೆನ್ನಪ್ಪನವರು ನನ್ನ ಯಜಮಾನರು. ಗರ್ನಾಲು, ಆಕಾಶಬಾಣ ಎಂದು ಸಿಡಿಮದ್ದು ಕಟ್ಟುವುದು ಅವರ ಕಸುಬು. ಸುತ್ತಲಿನ ಊರುಗಳ ಮದುವೆ, ಭೂತಕೋಲಗಳಲ್ಲಿ ಕಿವಿ ಮುಚ್ಚಿಕೊಂಡವರೆಲ್ಲ ಅವರ ಗುಣವನ್ನು ಬಲ್ಲವರೇ. ಅಕ್ಟೋಬರಿನಲ್ಲಿ ರಷ್ಯದವರು ಕೃತಕ ಚಂದ್ರನನ್ನು ಹಾರಿಸಿದ ಸುದ್ದಿ ಪೇಪರಿನಲ್ಲಿ ಬಂದ ದಿನ ಅವರು ಊಟ ಬಿಟ್ಟರು. ನವೆಂಬರಿನಲ್ಲಿ ಅದೇ ಜನ ಮೇಲಕ್ಕೆ ನಾಯಿಯನ್ನೂ ಕಳುಹಿಸಿದರೆಂದು ತಿಳಿದ ದಿನ ನಮ್ಮ ಹೇಂಟೆಯನ್ನು ಕೈಯಲ್ಲೆತ್ತಿ ಭಾರ ನೋಡಿದರು. ಹೇಂಟೆ ಅಂದಿನಿಂದ ಅಕ್ಕುವಿನ ಮನೆಯಲ್ಲಿ ಮೊಟ್ಟೆ ಇಡುತ್ತಿದೆ.

ತಮ್ಮನ್ನು ಹಾರಿಸಲು ಜಾಗ ಹುಡುಕುತ್ತ ಯಜಮಾನರು ಗುಡ್ಡ, ಗದ್ದೆ, ಕಡಲತೀರ ಎಲ್ಲ ಸುತ್ತಿ ಬಂದು ಕೊನೆಗೆ ಆರಿಸಿದ್ದು ನನ್ನ ಅಂಗಳವನ್ನು. ಅದು ಅವರ ತಪ್ಪಲ್ಲ. ಮಳೆಗಾಲ ಮುಗಿದ ಮೇಲೆ ನಾನೂ ಅಕ್ಕುವೂ ಎಂಟು ದಿನ ಸೊಂಟ ಬಗ್ಗಿಸಿ, ಪಾಚಿ ಕೆತ್ತಿ, ಮಣ್ಣಿಗೆ ನೀರು ಚಿಮುಕಿಸಿ, ಹಲಗೆಯಿಂದ ತಟ್ಟಿ ತಟ್ಟಿ, ಮಸಿ ಬೆರೆಸಿದ ಸೆಗಣಿ ಸಾರಿಸಿ ಮಾಡಿದ ಅಂಗಳವದು. ಇಷ್ಟು ಸಮತಟ್ಟಾದ ನೆಲ ರಷ್ಯದವರಿಗೂ ಸಿಕ್ಕಿರಲಿಕ್ಕಿಲ್ಲವೆಂದು ಯಜಮಾನರು ಹೊಗಳಿದರು. ಹದಿನೆಂಟು ವರ್ಷಗಳ ಸಂಸಾರದಲ್ಲಿ ನನ್ನ ಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲಾದ್ದರಿಂದ ನಾನು ಮೂರ್ಖಳಂತೆ ಉಬ್ಬಿಹೋದೆ. ಮರುದಿನವೇ ಅಂಗಳದ ನಟ್ಟನಡುವೆ ಮುರಕಲ್ಲಿನ ಕಟ್ಟೆ ಎದ್ದಿತು, ಕಟ್ಟೆಯ ಮೇಲೆ ಎರಡು ಅಡಕೆಮರದ ಕಂಬಗಳು ನಿಂತವು, ಕಂಬಗಳ ನಡುವೆ ತಾವು ಮದುಮಗನ ಹಾಗೆ ಬಿಗಿದುಕೊಂಡು ನಿಂತಿರಿ, ಮತ್ತು ಕೊಯ್ದ ಭತ್ತದ ಕಟ್ಟುಗಳು ಬೇರೆ ಜಾಗವಿಲ್ಲದೆ ಚಾವಡಿಯಲ್ಲಿ ನಮ್ಮ ಪಕ್ಕದಲ್ಲೇ ಮಲಗಿದವು.

ಇಷ್ಟನ್ನೂ ಕ್ಷಮಿಸುತ್ತಿದ್ದೆ. ಆದರೆ ಮಾನ್ಯರೇ, ತಮಗೆ ತಲೆ ಇರಲಿಲ್ಲ. ಮೈಗೆ ಹಳೆಯ ಪಂಪಿನ ಕೊಳವೆ ಒದಗಿತು, ಮೈಸುತ್ತ ಬಿಗಿಯಲು ತೆಂಗಿನ ನಾರಿನ ಹಗ್ಗ ಒದಗಿತು. ಗಾಳಿ ಸೀಳುವುದಕ್ಕೊಂದು ತಲೆ ಬೇಕೆಂದು ಯಜಮಾನರು ಅಡುಗೆಮನೆಯನ್ನು ಜಾಲಾಡಿ ನನ್ನ ತಾಮ್ರದ ಗಿಂಡಿಯನ್ನೆತ್ತಿದರು. ಅದು ನನ್ನ ಅಮ್ಮನ ಗಿಂಡಿ. ಬಂದವರಿಗೆ ಬೆಲ್ಲದ ಜತೆ ನೀರು ಕೊಡಲು ಅವರು ಬಳಸುತ್ತಿದ್ದ ಗಿಂಡಿ, ಮದುವೆಯಾಗಿ ಹೊರಟ ದಿನ ನನ್ನ ಕೈಗೆ ಕೊಟ್ಟದ್ದು. ತವರಿನದೆಂದು ಈ ಮನೆಯಲ್ಲಿ ನನಗೆ ಉಳಿದಿರುವುದೂ ಅದೊಂದೇ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತವರುಮನೆ ಇಲ್ಲಿಂದ ಒಂದು ಮೈಲು ಬಡಗು ದಿಕ್ಕಿಗೆ, ತಲಪಾಡಿಯಲ್ಲಿ. ನಮ್ಮ ಬಚ್ಚಲಿನ ಹಿಂದೆ ನಿಂತರೆ ಅದರ ತೆಂಗಿನ ತಲೆಗಳು ಕಾಣುತ್ತವೆ. ಎರಡು ವರ್ಷಗಳ ಹಿಂದೆ ದೀಪಾವಳಿಗೆ ಅಲ್ಲಿಗೆ ಹೋಗಿದ್ದಾಗ ಯಜಮಾನರು ಹಾರಿಸಿದ ತಮ್ಮ ಹಿರಿಯಣ್ಣನವರು ನೆಟ್ಟಗೆ ಹೋಗಿ ನನ್ನ ಅಣ್ಣ ಹರಿನಾಥನ ಬೈಹುಲ್ಲಿನ ರಾಶಿಯೊಳಗೆ ಇಳಿದರು. ಹುಲ್ಲು ಒಂದು ಗಂಟೆ ಉರಿಯಿತು, ಮಾತು ಎರಡು ಗಂಟೆ. ತಂಗಿ ಯಾವಾಗ ಬೇಕಾದರೂ ಬರಲಿ, ಆ ಮದ್ದಿನವ ಮಾತ್ರ ಈ ಅಂಗಳ ತುಳಿಯಬಾರದೆಂದು ಅಣ್ಣ ಹೇಳಿದ. ಅವರನ್ನು ಬಿಟ್ಟು ನಾನೂ ಬರುವುದಿಲ್ಲವೆಂದು ನಾನು ಹೇಳಿದೆ. ಅದರ ಮರುವರ್ಷ ಸರಕಾರದವರು ನಮ್ಮಿಬ್ಬರ ನಡುವೆ ಗೆರೆ ಎಳೆದರು. ನಾನು ಕುಳಿತಲ್ಲೇ ಕೇರಳಕ್ಕೆ ಹೋದೆ, ಅಣ್ಣ ಕುಳಿತಲ್ಲೇ ಮೈಸೂರು ರಾಜ್ಯಕ್ಕೆ ಹೋದ. ಸರಕಾರದ ಗೆರೆಯನ್ನು ಬಸ್ಸುಗಳು ದಿನಾ ದಾಟುತ್ತವೆ. ನಮ್ಮದನ್ನು ಯಾರೂ ದಾಟಿರಲಿಲ್ಲ.

ಹೀಗಿರುವಾಗ ಗಿಂಡಿಯನ್ನು ಯಾಕೆ ಕೊಟ್ಟೆಯೆಂದು ತಾವು ಕೇಳಬಹುದು. ಬಿದ್ದ ಜಾಗವನ್ನು ಪತ್ತೆಮಾಡಿ ಸಂಜೆಯ ಚಾಕ್ಕೆ ಮೊದಲೇ ತಂದುಕೊಡುವುದಾಗಿ ಯಜಮಾನರು ಆಣೆ ಹಾಕಿದರು, ಅದಕ್ಕೆ. ಗಿಂಡಿಯ ಮೂತಿಯನ್ನು ಗರಗಸದಿಂದ ತೆಗೆದರೆ ಬಾಣ ನೆಟ್ಟಗೆ ಪಡುವಣಕ್ಕೆ, ಕಡಲತೀರಕ್ಕೆ ಹೋಗುತ್ತದೆಂದೂ ಅವರು ಹೇಳಿದರು. ಮೂತಿಗೆ ಗರಗಸ ತಾಗಿದರೆ ಮನೆಗೆ ಬೇರೆ ಹೆಂಡತಿಯನ್ನು ಹುಡುಕಬೇಕಾಗುತ್ತದೆಂದು ನಾನು ತಿಳಿಸಿದೆ. ಮೂತಿ ಉಳಿಯಿತು.

ಪತ್ತೆಯ ಏರ್ಪಾಡಂತೂ ಯಾವ ದೊಡ್ಡ ದೇಶಕ್ಕೂ ಕಡಿಮೆಯಾಗಿರಲಿಲ್ಲ. ತೆಂಗಿನಕಾಯಿ ಕೊಯ್ಯುವ ಒಂಬತ್ತು ಜನರನ್ನು ಯಜಮಾನರು ನಮ್ಮ ಮನೆಯಿಂದ ಕಡಲಿನವರೆಗೆ ಒಂಬತ್ತು ಮರಗಳ ತುದಿಯಲ್ಲಿ ಕೂರಿಸಿದರು. ತಾವು ಬೀಳುವುದನ್ನು ಕಂಡವನು ಗಟ್ಟಿಯಾಗಿ ಒಂದು ಕೂ ಹಾಕಬೇಕು. ಯಜಮಾನರು ಕಟ್ಟೆಯ ಪಕ್ಕ ನಿಂತು, ಕೂ ಬಂದ ದಿಕ್ಕನ್ನು ಸ್ಲೇಟಿನಲ್ಲಿ ಬರೆದುಕೊಳ್ಳಬೇಕು. ಎಂಥ ಬುದ್ಧಿ! ಇದರಲ್ಲಿ ಒಂದೇ ಒಂದು ಊನವಿತ್ತು. ನಮ್ಮ ಕಡೆ ಒಬ್ಬ ಕೂ ಹಾಕಿದರೆ ಕೇಳಿದವನು ಓಗೊಡಲೇಬೇಕು. ಓಗೊಡದೆ ಸುಮ್ಮನಿರುವವನಿಗೆ ಮನುಷ್ಯತ್ವವಿಲ್ಲವೆಂದು ಲೆಕ್ಕ. ಈ ಮರ್ಯಾದೆ ಹುಟ್ಟಿನಿಂದಲೇ ಮೈಗೆ ಹತ್ತಿರುವುದರಿಂದ ಯಜಮಾನರಿಗಾಗಲಿ ಆ ಒಂಬತ್ತು ಜನರಿಗಾಗಲಿ ಅದರ ನೆನಪೇ ಆಗಲಿಲ್ಲ.

ನವೆಂಬರ್ ಇಪ್ಪತ್ತೆಂಟು, ಮಧ್ಯಾಹ್ನ ಮೂರು ಗಂಟೆ. ತಮ್ಮ ಬಾಲಕ್ಕೆ ಬೆಂಕಿ ತಾಗಿತು. ಅಬ್ಬಬ್ಬಾ, ಎಂಥ ನಿರ್ಗಮನ! ಕಟ್ಟೆ ಸೀಳಿತು, ಅಂಗಳ ಬಾಯಿ ಬಿಟ್ಟಿತು, ಗೋಡೆ ಕಪ್ಪಾಯಿತು, ಯಜಮಾನರ ಹುಬ್ಬು ಹೋಯಿತು. ಹೆದರಬೇಕಾಗಿದ್ದ ನಾನು ಸೆರಗು ಬಾಯಿಗೆ ಒತ್ತಿಕೊಂಡು ಮಗುವಿನ ಹಾಗೆ ಕುಣಿದೆನೆಂದು ಅಕ್ಕು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ; ಅದು ನಿಜ. ಆಮೇಲೆ ತಾವು ಹೊಗೆಯೊಳಗೆ ಮಾಯವಾದಿರಿ, ಎಲ್ಲೋ ಒಂದು ಕೂ ಕೇಳಿತು, ಒಡನೆಯೇ ಒಂಬತ್ತು ಮರಗಳೂ ಓಗೊಟ್ಟವು, ಅವಕ್ಕೆ ಗದ್ದೆಯ ಹೆಂಗಸರು ಓಗೊಟ್ಟರು, ಅವರಿಗೆ ಬಲೆ ಎಳೆಯುವವರು, ಬಲೆಯವರಿಗೆ ಮಂಜೇಶ್ವರದ ಕಡೆಗೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರು. ಸ್ಲೇಟಿನ ಪ್ರಕಾರ ತಾವು ಏಕಕಾಲಕ್ಕೆ ಹದಿನಾಲ್ಕು ಕಡೆ ಬಿದ್ದಿರಿ, ಅದರಲ್ಲಿ ಒಂದು ಓಡುವ ಬಸ್ಸಿನೊಳಗೆ, ಇನ್ನೊಂದು ನಮ್ಮದೇ ಬಚ್ಚಲಿನ ಹಿಂದೆ. ಬಡಗಿನಿಂದ ಬಂದ ಮೊದಲನೆಯ ಕೂವನ್ನು ಯಜಮಾನರು ಹೊಡೆದುಹಾಕಿದರು. ಆ ದಿಕ್ಕಿನಲ್ಲಿ ನಮ್ಮ ಜನರಿಲ್ಲ, ಅನ್ಯರಾಜ್ಯದ ಕೂ ಲೆಕ್ಕಕ್ಕಿಲ್ಲ ಎಂದರು.

ಅಂದಿನಿಂದ ಅವರು ಬಚ್ಚಲಿನ ಹಿಂದೆ ಎದೆಮಟ್ಟ ಅಗೆದಿದ್ದಾರೆ. ನಾನೂ ಅಕ್ಕುವೂ ಬಡಗೊಂದನ್ನು ಬಿಟ್ಟು ಉಳಿದ ಕಡೆಗಳಿಗೆ ನಡೆದು, ಹೋದಲ್ಲೆಲ್ಲ ಬೆಲ್ಲ ತಿಂದು ನೀರು ಕುಡಿದು, ಬರಿಗೈಯಲ್ಲಿ ಬಂದಿದ್ದೇವೆ. ಆದ್ದರಿಂದ ಮಾನ್ಯರಲ್ಲಿ ಸವಿನಯ ಪ್ರಾರ್ಥನೆ: ಹದಿನಾಲ್ಕರಲ್ಲಿ ಯಾವುದಾದರೂ ಒಂದೇ ಜಾಗದಲ್ಲಿ ಬಿದ್ದಿರಲು ಒಪ್ಪಿಕೊಂಡು, ಗಿಂಡಿಯನ್ನು ತಮ್ಮ ಶಿರದಿಂದಿಳಿಸಿ, ಸಾಧ್ಯವಾದರೆ ಹೋದ ದಾರಿಯಲ್ಲೇ ಹಿಂದಕ್ಕೆ ಹಾರಿ ಬರಬೇಕು. ಅಂಗಳವನ್ನು ಮತ್ತೆ ಸಾರಿಸಿದ್ದೇನೆ, ಇಳಿಯುವಾಗ ಕಾಲು ಒರೆಸಿಕೊಂಡರೆ ಸಾಕು.

ಇಲ್ಲಿಯವರೆಗೆ ಬರೆದು ಮಸಿ ಆರಲು ಬಿಟ್ಟಿದ್ದೆ. ಅಷ್ಟರಲ್ಲಿ ತಲಪಾಡಿಗೆ ಹೋಗಿದ್ದ ಅಕ್ಕು ಏದುಸಿರು ಬಿಡುತ್ತ ಬಂದು, ತಾವು ನನ್ನ ತವರುಮನೆಯ ಅಂಗಳದಲ್ಲಿ ಬಿದ್ದಿರುವಿರೆಂದು ತಿಳಿಸಿದಳು. ಉಳಿಸಿಕೊಂಡ ಆ ಮೂತಿಯೇ ತಮ್ಮನ್ನು ಬಡಗಿಗೆ ತಿರುಗಿಸಿತೆಂದು ಯಜಮಾನರ ಅಭಿಪ್ರಾಯ. ತಾವು ಬಿದ್ದ ದಿನ ಅತ್ತಿಗೆ ಜಲಜಾಕ್ಷಿ ಆಗಷ್ಟೇ ಸೆಗಣಿ ಸಾರಿಸಿದ್ದಳಂತೆ, ಒಣಗುವ ಮೊದಲು ಯಾರನ್ನೂ ಅಂಗಳಕ್ಕೆ ಇಳಿಯಲು ಬಿಡಲಿಲ್ಲವಂತೆ. ಮನೆಮಂದಿಯೆಲ್ಲ ಜಗಲಿಯಲ್ಲಿ ಸಾಲಾಗಿ ನಿಂತು, ಹೊಗೆಯಾಡುವ ತಮ್ಮನ್ನು ದೂರದಿಂದಲೇ ನೋಡುತ್ತಿದ್ದರಂತೆ. ಮರುದಿನ ತೊಳೆದು ನೋಡಿದರೆ ಅಮ್ಮನ ಗಿಂಡಿ. ಅಣ್ಣ ಅದನ್ನು ಚಾವಡಿಯಲ್ಲಿ ಅಮ್ಮ ಕೂರುತ್ತಿದ್ದ ಮಣೆಯ ಮೇಲಿಟ್ಟು, ಹದಿನಾರು ದಿನ ದಾರಿ ನೋಡಿ, ಇವತ್ತು ಅಕ್ಕುವನ್ನು ಕರೆದು ಹೇಳಿದ್ದಿಷ್ಟು:

“ನಾನು ಕೂ ಹಾಕಿದೆ, ಅವಳು ಓಗೊಟ್ಟಳು, ಮತ್ತೆ ಬರಲಿಲ್ಲ ಎಂತಕ್ಕೆ? ಗಿಂಡಿ ಇಲ್ಲಿ ಉಂಟು, ಬೇರೆಯವರ ಕೈಯಲ್ಲಿ ಕೊಡುವುದಿಲ್ಲ. ಅವಳೇ ಬರಲಿ, ಭಾವನನ್ನೂ ಕರ್ಕೊಂಡು ಬರಲಿ. ಬೆಂಕಿಪೆಟ್ಟಿಗೆ ಮಾತ್ರ ಬೇಡ.”

ಮಾನ್ಯರೇ, ಸ್ಲೇಟಿನಲ್ಲಿ ಬರೆಯದ ಒಂದು ಸಂಗತಿಯನ್ನು ಈಗ ಹೇಳಿಬಿಡುತ್ತೇನೆ. ಬಡಗಿನಿಂದ ಬಂದ ಆ ಮೊದಲನೆಯ ಕೂ ನನ್ನ ಅಣ್ಣನದು. ತುದಿಯಲ್ಲಿ ಒಡೆಯುವ ಆ ಸ್ವರವನ್ನು ನಾನು ಗುಡ್ಡದಲ್ಲಿ ದನ ಮೇಯಿಸುವಾಗಿನಿಂದ ಬಲ್ಲೆ. ಕೇಳಿದೊಡನೆ ಬಚ್ಚಲಿನ ಹಿಂದಕ್ಕೆ ಓಡಿ ಓಗೊಟ್ಟವಳು ನಾನೇ. ಎರಡು ವರ್ಷಗಳ ಮೇಲೆ ಕೇಳಿದ ಅಣ್ಣನ ಸ್ವರ, ಸುಮ್ಮನಿರಲಾಗಲಿಲ್ಲ. ಅವನು ನನ್ನನ್ನೇ ಕರೆದದ್ದೆಂದು ನಂಬಲು ಧೈರ್ಯ ಸಾಲದೆ, ಯಜಮಾನರು ಅಗೆಯುವುದನ್ನು ಹದಿನಾರು ದಿನ ಕಂಡೂ ತಡೆಯಲಿಲ್ಲ. ಇಂದು ಸಲಿಕೆಯನ್ನು ಅವರ ಕೈಯಿಂದ ತೆಗೆದು, ಹೊಸ ಅಂಗಿ ಕೊಟ್ಟು, ಕಿಸೆ ತಡವಿ ನೋಡಿದ್ದೇನೆ. ನಾಳೆ ಬೆಳಿಗ್ಗೆ ನಾವಿಬ್ಬರೂ ಹೊರಡುತ್ತೇವೆ.

ತಮ್ಮ ಹೊಗೆಯನ್ನು ಇನ್ನೂ ಗೋಡೆಯಿಂದ ತಿಕ್ಕುತ್ತಿರುವ,
ತಮ್ಮ ವಿಶ್ವಾಸಿ,
ಲೋಲಾಕ್ಷಿ

ವಿ.ಸೂ.: ಯಜಮಾನರ ಕಣ್ಣು ಈಗ ಬಚ್ಚಲಿನ ತಾಮ್ರದ ಹಂಡೆಯ ಮೇಲೆ ಬಿದ್ದಿದೆ. ಹಂಡೆ ನನ್ನ ಅತ್ತೆಯ ತವರಿನದು. ಆ ಮನೆ ತೆಂಕಿಗೆ ಇಪ್ಪತ್ತು ಮೈಲು, ಕಾಸರಗೋಡಿನಲ್ಲಿದೆ. ತಮ್ಮ ತಮ್ಮನವರು ಧಾರಾಳವಾಗಿ ಅಲ್ಲಿಗೆ ದಯಮಾಡಿಸಲಿ, ನನ್ನ ಅಭ್ಯಂತರವಿಲ್ಲ. ಪತ್ತೆಯೂ ಸುಲಭ: ಆ ಮನೆಯವರು ಇಂದಿನವರೆಗೆ ಯಾರ ಕೂಗಿಗೂ ಓಗೊಟ್ಟವರಲ್ಲ.